ಮ್ಯಾನೇಜರು ನಮ್ಮೋರಾದ ಮೇಲೆ

ಶ್ರೀರಂಗಪಟ್ಟಣದ ಖಾಸಗಿ ಶಾಲೆಯಲ್ಲಿ ಕೆಮಿಸ್ಟ್ರಿ ಪಾಠ ಮಾಡಿಕೊಂಡು ತೆಪ್ಪಗಿದ್ದವಳು ನಾನು. ಪಾಂಡವಪುರದ ಹತ್ತಿರದ ಹಾಲಿನ ಕಂಪನಿಯೊಂದು ಕರೆದು ಲ್ಯಾಬ್ ಇನ್‌ಚಾರ್ಜ್ ಕೆಲಸ ಕೊಡುತ್ತೀವಿ ಅಂದಿತು. ಒಳ್ಳೆಯ ಸಂಬಳ, ಪಾಲಹಳ್ಳಿಯ ಮನೆಯಿಂದಲೇ ಹೋಗಿ ಬರಬಹುದು. ಅವರ ಪತ್ರಕ್ಕೆ ಒಪ್ಪಿ ಸಹಿ ಹಾಕಿ ಕಳಿಸಿದೆ, ಶಾಲೆಗೆ ರಾಜೀನಾಮೆ ಕೊಟ್ಟೆ. ಸೇರಲು ವಾರವಿದೆ ಅನ್ನುವಾಗ ಆ ಕಂಪನಿಯನ್ನೇ ಇನ್ನೊಂದು ದೊಡ್ಡ ಕಂಪನಿ ಕೊಂಡುಕೊಂಡಿತು. ಹೊಸಬರಿಂದ ಹೊಸ ಪತ್ರ ಬಂತು: ಹುದ್ದೆ ಟ್ರೈನಿ, ಸಂಬಳ ಅರ್ಧ, ಜಾಗ ನಾಗಮಂಗಲದ ಆಚೆಯ, ಹಾಲು ತಣ್ಣಗಿಡುವ ಚಿಲ್ಲಿಂಗ್ ಸೆಂಟರು. ಕೊನೆಯಲ್ಲಿ ಹಾರ್ದಿಕ ಅಭಿನಂದನೆ ಬೇರೆ. ಮೈಯೆಲ್ಲ ಉರಿದುಹೋಯಿತು. ಶಾಲೆಯಲ್ಲಿ ನನ್ನ ಜಾಗಕ್ಕೆ ಆಗಲೇ ಇನ್ನೊಬ್ಬರು ಬಂದಿದ್ದರು.

ಪಾಂಡವಪುರದ ವಕೀಲರೊಬ್ಬರನ್ನು ಕಂಡೆ. "ನೀವು ಒಪ್ಪಿದ ಷರತ್ತನ್ನ ನಿಮ್ಮನ್ನ ಕೇಳ್ದೆ ಬದಲಾಯ್ಸೋಕೆ ಬರಲ್ಲ. ಆಕ್ಷೇಪಣೆ ಬರೆದು ಕಳ್ಸಿ. ಹೊಸ ಪತ್ರಕ್ಕೆ ಮಾತ್ರ ಸಹಿ ಹಾಕ್ಬೇಡಿ, ಹಾಕಿದ್ರೆ ಒಪ್ಕೊಂಡಂಗೆ" ಅಂದರು.

ಆದರೆ ನಮ್ಮ ಕಡೆ ಕಾನೂನು ಏನು ಹೇಳುತ್ತೆ ಅಂತ ಯಾರು ಕೇಳುತ್ತಾರೆ? ಅಲ್ಲಿ ನಮ್ಮೋರು ಯಾರವ್ರೆ ಅಂತ ಕೇಳುತ್ತಾರೆ. ಸುದ್ದಿ ತಿಳಿದು ಕಿಕ್ಕೇರಿಯಿಂದ ಬಸ್ಸು ಹತ್ತಿ ಬಂದ ನನ್ನ ಸೋದರಮಾವ, "ವಕೀಲ್ರು ಗಿಕೀಲ್ರು ಯಾಕೆ ಬೇಕೇ? ಸುಮ್ಕಿರು, ನಾ ಇಚಾರಿಸ್ತೀನಿ" ಅಂದರು. ಕೆ.ಆರ್. ಪೇಟೆಯಿಂದ ನಾಗಮಂಗಲದವರೆಗೆ ಫೋನು ಹಚ್ಚಿ, ಹೊಸ ಮ್ಯಾನೇಜರು ಮಾವನ ಹೆಂಡತಿಯ ದೊಡ್ಡಮ್ಮನ ಮಗನ ಷಡ್ಡಕ ಅಂತ ಪತ್ತೆ ಮಾಡಿಯೇ ಬಿಟ್ಟರು. ಪೊಲೀಸಿನವರ ಕೈಲೂ ಆಗದ ಕೆಲಸ ಬಿಡಿ. ವರಸೆಯಲ್ಲಿ ನನಗೆ ಚಿಕ್ಕಪ್ಪನಾಗಬೇಕಂತೆ. ಅವ್ವ ದೇವರಿಗೆ ದೀಪ ಹಚ್ಚಿದಳು. ನಾನೂ ಆಕ್ಷೇಪಣೆ ಬರೆಯುವುದನ್ನು ನಿಲ್ಲಿಸಿದೆ.

ಭಾನುವಾರ ಮಾವನ ಜೊತೆ ಚಿಕ್ಕಪ್ಪನವರು ಊಟಕ್ಕೆ ಬಂದರು. ಮುದ್ದೆ, ನಾಟಿಕೋಳಿ ಸಾರು ಎರಡೆರಡು ಸಲ ಹಾಕಿಸಿಕೊಂಡರು. ಕೈ ತೊಳೆದು ಬಂದು ಬ್ಯಾಗಿನಿಂದ ಅದೇ ಹೊಸ ಪತ್ರ ತೆಗೆದು ನನ್ನ ಮುಂದಿಟ್ಟರು.

"ಒಂದು ಸಹಿ ಹಾಕ್ಬುಡವ್ವ. ನಾವು ನಾವೇ ಅಲ್ವಾ."

ನನ್ನ ಜೊತೆ ಆಯ್ಕೆಯಾಗಿದ್ದ ಇನ್ನಿಬ್ಬರ ಕತೆ ಏನು ಅಂತ ಕೇಳಿದೆ.

"ಅವ್ರಿಗೆ ಹಳೇ ಷರತ್ತೇ ಕೊಟ್ಬುಟ್ವಿ ಕಣವ್ವ. ಏನ್ ಮಾಡದು, ವಕೀಲ್ರ ಕೈಲಿ ಬರ್ಸಿ ಕಳ್ಸವ್ರೆ. ಹೊರಗ್ನೋರು, ಅವ್ರಿಗೇನು ದಾಕ್ಷಿಣ್ಯ? ನೀನು ಮನೆ ಮಗಳು, ಅರ್ಥ ಮಾಡ್ಕೊತೀಯ. ನಮ್ಮೋರಿಗೇ ಜಾಸ್ತಿ ಕೊಟ್ರೆ ಜನ ಏನಂತಾರೆ, ನೀನೇ ಯೋಳು."

"ನ್ಯಾಯವಾದ ಮಾತು" ಅಂತ ಮಾವ ತಲೆಯಾಡಿಸಿದರು. ನಾನು ಅವರ ಮುಖವನ್ನೇ ನೋಡಿದೆ. ತಮಾಷೆ ಮಾಡುತ್ತಿಲ್ಲ, ನಿಜವಾಗಿಯೂ ನ್ಯಾಯ ಅಂತಲೇ ಅಂದುಕೊಂಡಿದ್ದರು. ಕೋಳಿ ನಮ್ಮದು, ಕೆಲಸ ನಮ್ಮದು, ಬಿಟ್ಟುಕೊಡಬೇಕಾದವರೂ ನಾವೇ.

"ಅಂಗಾದ್ರೆ ಇವತ್ತಿಂದ ನನ್ನೂ ಹೊರಗಿನವಳು ಅಂತ ತಿಳ್ಕೊಳ್ಳಿ" ಅಂದೆ. ಪತ್ರ ಮಡಚಿ ವಾಪಸ್ಸು ಕೊಟ್ಟೆ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಮಾವ, ಚಿಕ್ಕಪ್ಪ ಇಬ್ಬರೂ ಎಲೆ ಅಡಿಕೆ ಮುಟ್ಟದೆ ಎದ್ದು ಹೋದರು.

ಮಾರನೆಯ ದಿನವೇ ಆಕ್ಷೇಪಣೆ ಹೋಯಿತು. ಸ್ವಲ್ಪ ದಿನ ಎಳೆದಾಡಿ, ಹಳೆಯ ಷರತ್ತಿನ ಮೇಲೆಯೇ ಪಾಂಡವಪುರದ ಲ್ಯಾಬಿಗೆ ಸೇರಿಸಿಕೊಂಡರು. ಮ್ಯಾನೇಜರು ಈಗ ನನ್ನನ್ನು ಮೇಡಂ ಅಂತಾರೆ, ಕೆಲಸದ ಮಾತು ಬಿಟ್ಟು ಬೇರೆ ಆಡುವುದಿಲ್ಲ. ನನಗೂ ಅದೇ ಬೇಕಾಗಿತ್ತು.

ಮಾವ ಮಾತ್ರ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದ ಮನುಷ್ಯ, ತಡೆಯಲಾಗದೆ ನಾನೇ ಕಿಕ್ಕೇರಿಗೆ ಹೋದೆ. ಹೊರಗಿನ ಜಗಲಿಯಲ್ಲೇ ಕುರ್ಚಿ ಹಾಕಿಸಿದರು, ಪಿಂಗಾಣಿ ಕಪ್ಪಿನಲ್ಲಿ ಕಾಫಿ ತರಿಸಿದರು.

"ಕೂತ್ಕೊಳಿ" ಅಂದರು.