ಟವೆಲ್ಲಿನ ಕೆಳಗೆ ಎರಡು ಬೆರಳು

ನಂಬಬೇಡಿ. ಮೊದಲೇ ಹೇಳಿಬಿಡುತ್ತೇನೆ, ನಂಬಿದರೆ ನಷ್ಟ ನಿಮ್ಮದೇ. ನನ್ನ ಮಾತು ನಂಬಿ ದೇವದುರ್ಗದ ಸಂತೆಯಲ್ಲಿ ಒಬ್ಬ ಕುಂಟೆತ್ತನ್ನು ‘ಇದು ಕುಣಿಯುವ ಎತ್ತು’ ಎಂದು ಹೊಡೆದುಕೊಂಡು ಹೋಗಿದ್ದಾನೆ. ಮರುವಾರ ಬಂದು ನನ್ನನ್ನು ಬಾಯಿತುಂಬ ಬೈದು, ನನ್ನದೇ ಚಹಾ ಕುಡಿದು, ಇನ್ನೊಂದು ಎತ್ತು ಕೊಂಡು ಹೋದ. ಅಂಥ ನಾನು ಹೇಳುತ್ತಿದ್ದೇನೆ: ಹುಡುಗಿ ಇಲ್ಲೇ ಎಂಬಿಎ ಓದಬೇಕೋ, ಸಮುದ್ರ ದಾಟಿ ಮ್ಯಾನೇಜ್‌ಮೆಂಟಿನ ಮಾಸ್ಟರ್ಸ್ ಓದಬೇಕೋ ಎಂಬ ಪ್ರಶ್ನೆಯನ್ನು, ಏಳನೇ ತರಗತಿಯನ್ನು ಎರಡು ಸಲ ಓದಿದ ನಾನು, ಹೆಗಲ ಮೇಲಿನ ಟವೆಲ್ಲು ಹಾಸಿ, ಕಪ್ಪಿನ ಚಹಾ ಆರುವುದರೊಳಗೆ ಬಗೆಹರಿಸಿದೆ. ಧೈರ್ಯವಿದ್ದರೆ ನಂಬದೆ ಓದಿ ನೋಡೋಣ.

ನಾನು ನಲವತ್ತು ವರ್ಷ ದನದ ದಲ್ಲಾಳಿಯಾಗಿದ್ದವನು. ನಮ್ಮ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ, ಕೈಯಲ್ಲಿ ನಡೆಯುತ್ತದೆ. ಟವೆಲ್ಲಿನ ಕೆಳಗೆ ಮಾರುವವನ ಕೈ ಹಿಡಿಯುತ್ತೇನೆ, ಅವನು ನನ್ನ ಬೆರಳು ಒತ್ತಿ ತನ್ನ ದರ ಹೇಳುತ್ತಾನೆ. ಆಮೇಲೆ ಕೊಳ್ಳುವವನ ಕೈ. ಸುತ್ತ ನಿಂತವರಿಗೆ ಕಾಣುವುದು ಒಂದು ಟವೆಲ್ಲು, ಕೇಳುವುದು ಬಿಸಿಲಿನ ಬಗ್ಗೆ, ಬೀಗರ ಬಗ್ಗೆ ಹರಟೆ. ಇದಕ್ಕೆ ಕಾಯ್ದೆ ಉಂಟು. ಯಾರು ಎಷ್ಟು ಬೆರಳು ಹಿಡಿದರು ಎಂದು ದಲ್ಲಾಳಿ ಸಾಯುವ ತನಕ ಬಾಯಿ ಬಿಡಬಾರದು. ವ್ಯಾಪಾರಕ್ಕೆ ಕೂತವರೂ ಒಬ್ಬರನ್ನೊಬ್ಬರು ಕೇಳಬಾರದು. ಎರಡು ಕೈ ಒಂದೇ ಲೆಕ್ಕ ಹಿಡಿದವೋ, ವ್ಯಾಪಾರ ಮುಗಿಯಿತು, ಅದನ್ನು ಮುರಿಯುವ ಹಕ್ಕು ಯಾರಿಗೂ ಇಲ್ಲ. ದಲ್ಲಾಳಿ ತನ್ನ ಆಸೆಯನ್ನು ನಡುವೆ ತೂರಿಸಲೇಬಾರದು.

ಕಾಯ್ದೆಯಲ್ಲಿ ಬರೆಯದ ಒಂದು ಗುಟ್ಟೂ ಇದೆ. ಮನಸ್ಸಿನಲ್ಲಿದ್ದುದನ್ನೇ ಹೇಳುವ ಕೈ ಬೆರಳನ್ನು ಒತ್ತಿ ತಕ್ಷಣ ಬಿಡುತ್ತದೆ. ಮನಸ್ಸಿನಲ್ಲಿ ಇಲ್ಲದ್ದನ್ನು ಹೇಳುವ ಕೈ ಬಿಡುವುದಿಲ್ಲ. ನಾವು ನಂಬಿದೆವೋ ಇಲ್ಲವೋ ಎಂದು ಕಾಯುತ್ತ ಹಿಡಿದೇ ಇರುತ್ತದೆ. ಇದನ್ನು ನಾನು ಯಾವ ಶಿಷ್ಯನಿಗೂ ಹೇಳಿಕೊಟ್ಟಿಲ್ಲ.

ಬೆರಳಿನ ಭಾಷೆಯನ್ನು ಮಾತ್ರ ಒಬ್ಬಳಿಗೆ ಕಲಿಸಿದೆ. ಮಗಳ ಮಗಳು, ನನ್ನ ಮೊಮ್ಮಗಳು. ಮಗಳು ಮಾನ್ವಿಯಲ್ಲಿ ಶಾಲೆಯ ಟೀಚರು. ರಜೆ ಬಂತೆಂದರೆ ಹುಡುಗಿಯನ್ನು ದೇವದುರ್ಗದ ಬಸ್ಸು ಹತ್ತಿಸಿಬಿಡುತ್ತಿದ್ದಳು. ಆರು ವರ್ಷಕ್ಕೇ ಅವಳು ನನ್ನ ಬೆರಳಿನಲ್ಲಿ ಎಣಿಸುವುದು ಕಲಿತಳು. ಪುಸ್ತಕದಲ್ಲಿ ಎಣಿಸುವುದು ಆಮೇಲೆ. ನಮ್ಮಿಬ್ಬರದೇ ಒಂದು ಸಂಕೇತವೂ ಇತ್ತು. ಮದುವೆಮನೆಯಲ್ಲಿ ಯಾರಾದರೂ ಎದುರಿಗೆ ಬಂದು ಕೂತರೆ ಟವೆಲ್ಲಿನ ಕೆಳಗೆ ಅವಳ ಕೈ ಬರುತ್ತಿತ್ತು. ಒಂದು ಬೆರಳು ಹಿಡಿದರೆ ಇವರು ಸುಳ್ಳುಗಾರರು, ಎರಡು ಹಿಡಿದರೆ ಜಿಪುಣರು, ಐದೂ ಹಿಡಿದರೆ ಎದ್ದು ಓಡು. ಒಮ್ಮೆ ಒಬ್ಬ ನೆಂಟ ತನ್ನ ಕಾಶಿಯಾತ್ರೆಯ ಕತೆ ಶುರುಮಾಡಿದ. ಕತೆಯ ರೈಲು ಇನ್ನೂ ವಾಡಿ ಸ್ಟೇಷನ್ ದಾಟಿರಲಿಲ್ಲ, ಇವಳು ಐದೂ ಹಿಡಿದಳು. ‘ನೀರು ಕುಡಿದು ಬರ್ತೀವ್ರಿ’ ಎಂದು ಎದ್ದೆವು. ಊಟ ಮುಗಿಸಿ, ಒಂದು ನಿದ್ದೆ ತೆಗೆದು ಬಂದರೆ ಪುಣ್ಯಾತ್ಮ ಇನ್ನೂ ನಾಗಪುರದಲ್ಲಿದ್ದ.

ನಮ್ಮ ಮನೆಯಲ್ಲಿ ಜನಕ್ಕೆ ಕೊರತೆಯಿಲ್ಲ. ಇಬ್ಬರು ಗಂಡುಮಕ್ಕಳು, ಸೊಸೆಯಂದಿರು, ಅವರ ಮಕ್ಕಳು. ಆದರೆ ಅವರಲ್ಲಿ ಯಾರ ಕೈಗೂ ಕಿವಿ ಇಲ್ಲ. ದನವನ್ನೂ ಈಗ ಫೋನಿನ ಫೋಟೋ ನೋಡಿ ಕೊಳ್ಳುತ್ತಾರಂತೆ. ಫೋಟೋದ ಬಾಯಿ ಬಿಡಿಸಿ ಹಲ್ಲು ಎಣಿಸಲಿಕ್ಕಾಗುತ್ತದೆಯೇ?

ಮೊಮ್ಮಗಳು ಬಿಕಾಂ ಮುಗಿಸಿ, ರಾಯಚೂರಿನ ಒಂದು ಹತ್ತಿ ವ್ಯಾಪಾರದ ಕಚೇರಿಯಲ್ಲಿ ಒಂದು ವರ್ಷ ಕೆಲಸ ಮಾಡಿದಳು. ಶನಿವಾರ ಸಂಜೆಯಾದರೆ ದೇವದುರ್ಗಕ್ಕೇ ಬರುತ್ತಿದ್ದಳು, ಮಾನ್ವಿಗಲ್ಲ. ಮಗಳಿಗೆ ಇದರಿಂದ ನನ್ನ ಮೇಲೆ ಸಿಟ್ಟು, ನನಗೆ ಅದರಿಂದಲೇ ಸೊಕ್ಕು. ಹೋದ ವರ್ಷ ಅವಳಿಗೆ ಒಂದೇ ತಿಂಗಳಲ್ಲಿ ಎರಡು ಸೀಟು ಸಿಕ್ಕವು. ಒಂದು, ಯರಗೇರಾದ ಕ್ಯಾಂಪಸ್ಸಿನಲ್ಲಿ ಎಂಬಿಎ. ಎರಡು ವರ್ಷ, ರಾಯಚೂರಿನಿಂದ ಬಸ್ಸಿನಲ್ಲಿ ಹೋಗಿ ಬರುವ ಓದು. ಇನ್ನೊಂದು, ಐರ್ಲೆಂಡಿನಲ್ಲಿ ಮಾಸ್ಟರ್ಸ್. ಓದು ಒಂದು ವರ್ಷ, ಆಮೇಲೆ ಅಲ್ಲೇ ಕೆಲಸ ಹುಡುಕಲು ಅವಕಾಶ. ಖರ್ಚಿನ ಮಾತು ನನ್ನನ್ನು ಕೇಳಬೇಡಿ, ಅದಕ್ಕೆ ಅಳಿಯ ದಾರಿ ಮಾಡಿಟ್ಟಿದ್ದ. ನಾಲ್ಕು ದಿನದೊಳಗೆ ಯಾವುದೋ ಒಂದಕ್ಕೆ ಹೂಂ ಅನ್ನಬೇಕಿತ್ತು.

ರಾಯಚೂರಿನಲ್ಲಿ ಹೊರದೇಶಕ್ಕೆ ಓದಲು ಕಳಿಸುವ ಒಂದು ಆಫೀಸಿಗೆ ನನ್ನನ್ನೂ ಕರೆದುಕೊಂಡು ಹೋದಳು. ಟೈ ಕಟ್ಟಿದ ಹುಡುಗ ಎದ್ದು ನಿಂತ.

"ಬರ್ರಿ ತಾತಾರ, ಕುಂದರ್ರಿ. ಏನ್ ತಿಳೀಬೇಕ್ರಿ?"

"ಈ ಎರಡರಾಗ ಫರಕ್ ಏನು ಅಂತ ಬಿಡಿಸಿ ಹೇಳಪಾ."

"ಹೊರದೇಶದಾಗ ಎಂಬಿಎ ಅಂದ್ರ ನಾಕೈದು ವರ್ಷ ಕೆಲಸ ಮಾಡಿದವರಿಗ್ರಿ. ಈ ಮಾಸ್ಟರ್ಸ್ ಅದಲ್ಲ, ಇದು ಈಗಷ್ಟs ಡಿಗ್ರಿ ಮುಗಿಸಿದವರಿಗೆ. ನಮ್ಮ ಕಡಿ ಎಂಬಿಎಕ್ಕ ಮಾತ್ರ ಯಾರು ಬೇಕಾದ್ರೂ ಸೇರಬಹುದ್ರಿ."

"ಅಂದ್ರ ಅಲ್ಲಿ ಎಂಬಿಎ ಬಾಯಿಗೂಡಿದ ಎತ್ತಿಗೆ. ಎಲ್ಲಾ ಹಲ್ಲು ಬಂದು, ನೊಗ ಎಳದು ಪಳಗಿದ್ದಕ್ಕ. ಮಾಸ್ಟರ್ಸ್ ಎರಡು ಹಲ್ಲಿನ ಎಳೇ ಹೋರಿಗೆ. ಹೌದಿಲ್ಲೋ?"

ಹುಡುಗ ಬಾಯಿ ತೆರೆದು ನೋಡುತ್ತ ಕೂತ. "ಹಂಗs ಬಾಯಿ ತಕ್ಕೊಂಡಿರು, ನಿನಗ ಎಷ್ಟು ಹಲ್ಲು ಬಂದಾವ ನೋಡ್ತೀನಿ" ಎಂದೆ. ಮೊಮ್ಮಗಳು ಮೇಜಿನ ಕೆಳಗೆ ನನ್ನ ಕೈಯ ಐದೂ ಬೆರಳು ಹಿಡಿದು ಎಳೆದಳು.

ಹೊರಗೆ ಬಂದ ಮೇಲೆ ಕೇಳಿದೆ. "ನೀ ಏನಂತೀ ಬೇ?"

"ಅವ್ವ ಹೆಂಗಂದ್ರ ಹಂಗ, ತಾತ."

ಮಾನ್ವಿಗೆ ಫೋನು ಮಾಡಿದೆ. ಮಗಳು ಏನೆಂದಳು ಗೊತ್ತೇ? "ಅಕಿ ಹೆಂಗಂದ್ರ ಹಂಗ, ಯಪ್ಪಾ."

ಇದು ನಮ್ಮ ಮನೆತನದ ರೋಗ. ಊಟಕ್ಕೆ ಕರೆದರೆ ‘ಈಗಷ್ಟೇ ಆತ್ರಿ’ ಎನ್ನುವ ಜನ ನಾವು, ಹೊಟ್ಟೆ ಕೂಗುತ್ತಿದ್ದರೂ. ಬೇಕಾದ್ದನ್ನು ಬಾಯಿಬಿಟ್ಟು ಹೇಳಿದರೆ ಎದುರಿನವರಿಗೆ ಭಾರವಾದೀತೆಂದು ಸುಮ್ಮನಿರುತ್ತೇವೆ. ಆ ನಾಲ್ಕು ದಿನದಲ್ಲಿ ಮೂರು ದಿನ ಅವ್ವ ಮಗಳು ಇಬ್ಬರೂ ಹಾಗೇ ಕಳೆದರು. ಆದರೆ ನನ್ನ ಕಣ್ಣು ದಲ್ಲಾಳಿಯ ಕಣ್ಣು. ಅವಳ ಚೀಲದಲ್ಲಿ ಯರಗೇರಾದ ಕಾಗದ ಮಡಿಕೆ ಮುರಿಯದೆ ಇತ್ತು. ಐರ್ಲೆಂಡಿನದು ಓದಿ ಓದಿ ಅಂಚು ಮೆತ್ತಗಾಗಿತ್ತು. ಫೋನಿನಲ್ಲಿ ಎರಡು ಗಡಿಯಾರ. ಒಂದು ನಮ್ಮದು, ಇನ್ನೊಂದು ನಮಗಿಂತ ಹಿಂದೆ ಓಡುತ್ತಿತ್ತು.

ನಾಲ್ಕನೆಯ ದಿನ ಭಾನುವಾರ. ಬೆಳಿಗ್ಗೆ ಮಾನ್ವಿಯ ಬಸ್ಸು ಹತ್ತಿದೆ. ಮೊಮ್ಮಗಳು ರಾಯಚೂರಿನಿಂದ ಆಗಲೇ ಬಂದಿದ್ದಳು. ಅಡುಗೆಮನೆಯಲ್ಲಿ ಅವ್ವ ಮಗಳು ಬದನೆಕಾಯಿಯ ಬಗ್ಗೆ ಬಹಳ ಗಂಭೀರವಾಗಿ ಚರ್ಚೆ ಮಾಡುತ್ತಿದ್ದರು. ಅಳಿಯ ಪೇಪರಿನ ಹಿಂದೆ ಅಡಗಿದ್ದ. ಅವನು ಮದುವೆಯಾದಾಗಿನಿಂದ ಅಲ್ಲೇ ಇದ್ದಾನೆ.

ನಾನು ಚಾಪೆಯ ಮೇಲೆ ಕೂತು ಟವೆಲ್ಲು ತೊಡೆಯ ಮೇಲೆ ಹಾಸಿದೆ. "ಬರ್ರಿ ಇಬ್ಬರೂ. ಸಂತಿ ಶುರು."

"ಯಪ್ಪಾ, ಇದು ನಿನ್ನ ಎತ್ತಿನ ವ್ಯಾಪಾರಲ್ಲ" ಎಂದಳು ಮಗಳು.

"ಬಾಯಿಲೆ ಹೇಳಾಕ ಬರಂಗಿಲ್ಲ ನಿಮಗ. ಕೈಲೆ ಹೇಳ್ರಿ. ಒಂದು ಬೆರಳು ಹಿಡಿದ್ರ ಯರಗೇರಾ, ಎರಡು ಹಿಡಿದ್ರ ಐರ್ಲೆಂಡ್. ಯಾರು ಏನು ಹಿಡಿದ್ರಿ ಅಂತ ನಾ ಹೇಳಂಗಿಲ್ಲ, ನೀವೂ ಒಬ್ಬರಿಗೊಬ್ಬರು ಕೇಳಂಗಿಲ್ಲ. ಕಡೀಕ ನಾ ಹೇಳಿದ್ದs ಖರೆ."

"ನಿನ್ನ ನಂಬಾದು ಹೆಂಗ?" ಎಂದು ಮೊಮ್ಮಗಳು ನಕ್ಕಳು.

"ನಂಬಬ್ಯಾಡ. ಕೈ ಕೊಡು."

ಊರಿಗೇ ಗೊತ್ತಿರುವ ಸುಳ್ಳುಗಾರನ ಕೈಯಲ್ಲಿ ಅವರಿಬ್ಬರೂ ಇಂಥ ತೀರ್ಮಾನ ಇಟ್ಟರು ನೋಡಿ. ನಮ್ಮವರು ಮಾತ್ರ ಮಾಡಬಹುದಾದ ತಪ್ಪು ಅದು.

ಮೊದಲು ಮಗಳು ಕೂತಳು. ಸೀಮೆಸುಣ್ಣ ಹಿಡಿದು ಒರಟಾದ ಬೆರಳು. ಗೋಡೆ ನೋಡುತ್ತ ಎರಡು ಹಿಡಿದಳು. ಹುಡುಗಿ ಹೋಗಲಿ ಎಂದು ಅದರರ್ಥ. ಎಂಥ ತಾಯಿ ಎಂದುಕೊಂಡೆ.

ಆಮೇಲೆ ಮೊಮ್ಮಗಳು. ಒಂದೇ ಬೆರಳು. ಒತ್ತಿದಳು, ಬಿಡಲಿಲ್ಲ. ನಾನು ಅಳಿಯನಿಗೆ ‘ಏನಪಾ, ಪೇಪರ್‌ನಾಗ ಇವತ್ತು ಏನೂ ಇಲ್ಲೇನು?’ ಎಂದೆ, ಅವನು ‘ಏನಿಲ್ರಿ ಮಾವಾರ’ ಎಂದ, ಹೊರಗೆ ತರಕಾರಿಯವನು ಬಂದು ಕೂಗಿ ಮುಂದೆ ಹೋದ. ಅವಳ ಕೈ ಇನ್ನೂ ನನ್ನ ಬೆರಳನ್ನು ಹಿಡಿದೇ ಇತ್ತು, ಬೆವರುತ್ತಿತ್ತು. ಅವಳು ಆರು ವರ್ಷದವಳಿದ್ದಾಗಿನಿಂದ ಬಲ್ಲ ಕೈ. ನನಗೆ ಹೇಳಿದ ಮೊದಲ ಸುಳ್ಳು ಅದು.

ನಿಜ ಹೇಳಲೇ? ನನಗೆ ಬೇಕಾಗಿದ್ದುದೂ ಒಂದೇ. ಇನ್ನೆರಡು ವರ್ಷ ಶನಿವಾರಗಳು. ಮಾನ್ವಿಯ ಆ ಪಡಸಾಲೆಯಲ್ಲಿ ಯಾರಿಗಾದರೂ ಯರಗೇರಾ ಬೇಕಿದ್ದರೆ ಅದು ನನಗೆ, ಎಲ್ಲರಿಗಿಂತ ಹೆಚ್ಚು. ಒಂದು ಎಂಬ ಶಬ್ದ ನಾಲಿಗೆಯ ಮೇಲೆ ಬಂದು ಕೂತಿತ್ತು, ಹೋಳಿಗೆಯಷ್ಟು ರುಚಿ. ನುಂಗಿದೆ. ಟವೆಲ್ಲು ಕೊಡವಿ ಎದ್ದೆ.

"ವ್ಯಾಪಾರ ಮುಗೀತು. ಎರಡು."

ಮಗಳು ‘ಚಹಾ ಆರಿತು’ ಎಂದು ಕಪ್ಪು ಎತ್ತಿಕೊಂಡು ಒಳಗೆ ಹೋದಳು. ಮೊಮ್ಮಗಳು ನನ್ನನ್ನೇ ನೋಡುತ್ತಿದ್ದಳು, ಮುಖದಲ್ಲಿ ನಗು ಬರಲೋ ಬೇಡವೋ ಎಂದು ಹೊಸಿಲಲ್ಲಿ ನಿಂತಂತೆ. ಪೇಪರಿನ ಹಿಂದಿನಿಂದ ಅಳಿಯ ಮೂಗು ಒರೆಸಿಕೊಂಡ ಸದ್ದು ಬಂತು.

ಹೊರಡುವ ದಿನ ಮಧ್ಯಾಹ್ನ ರಾಯಚೂರಿನ ಸ್ಟೇಷನ್ನು. ಹೈದರಾಬಾದಿನ ತನಕ ಅವ್ವ ಅಪ್ಪ ಹೋಗುವವರು. ನಾನು ‘ವಿಮಾನ ನೋಡಿದ್ರ ನನಗ ನಗಿ ಬರ್ತದ’ ಎಂದು ಪ್ಲಾಟ್‌ಫಾರ್ಮಿನಲ್ಲೇ ಉಳಿದೆ. ಮಗಳು ನೀರಿನ ಬಾಟಲಿ ತರಲು ಹೋದಾಗ ಹುಡುಗಿ ನನ್ನ ಹೆಗಲಿನಿಂದ ಟವೆಲ್ಲು ಎಳೆದುಕೊಂಡು ನಮ್ಮಿಬ್ಬರ ಕೈ ಮುಚ್ಚಿದಳು.

"ತಾತ, ನಾ ಅವತ್ತು ಒಂದು ಹಿಡಿದಿದ್ದೆ."

"ಗೊತ್ತದ."

"ಆದ್ರ ನೀ ಎರಡು ಅಂದಾಗ, ಅವ್ವ ಎರಡು ಹಿಡಿದಾಳ ಅಂತ ಗೊತ್ತಾತಲ್ಲ. ಅಕೀನs ಹೋಗು ಅಂದ ಮ್ಯಾಲ ನನಗ ಧೈರ್ಯ ಬಂತು. ಇಲ್ಲಂದ್ರ ನಾ ಹೋಗ್ತಿದ್ದಿಲ್ಲ."

"ದಲ್ಲಾಳಿ ಮುಂದ ಹಂಗ ಒದರಬಾರದು, ಹುಚ್ಚಿ."

ರೈಲು ಬಂತು. ಟವೆಲ್ಲಿನ ಕೆಳಗೆ ಅವಳು ಐದೂ ಬೆರಳು ಹಿಡಿದಳು. ಎದ್ದು ಓಡು. ಓಡಿದವಳು ಅವಳೊಬ್ಬಳೇ, ನಾನು ಒಂದು ಟೀ ಕುಡಿದು, ಟೀ ಮಾರುವವನಿಗೆ ನಾನು ರಿಟೈರ್ಡ್ ಸ್ಟೇಷನ್ ಮಾಸ್ಟರ್ ಎಂದು ನಂಬಿಸಿ, ದೇವದುರ್ಗದ ಬಸ್ಸು ಹಿಡಿದೆ.

ಈಗ ಭಾನುವಾರ ವಿಡಿಯೋದಲ್ಲಿ ಬರುತ್ತಾಳೆ. ಮೂರು ಅಂಗಿಯ ಮೇಲೆ ಒಂದು ಕೋಟು. ನಗುತ್ತಾಳೆ, ಚೆನ್ನಾಗಿ ನಗುತ್ತಾಳೆ. ನನ್ನನ್ನು ನಗಿಸಲು ಕ್ಯಾಮೆರಾಕ್ಕೆ ಬೆರಳು ತೋರಿಸುತ್ತಾಳೆ. ನಾನೂ ತೋರಿಸುತ್ತೇನೆ. ಆದರೆ ಎಲ್ಲರಿಗೂ ಕಾಣುವ ಬೆರಳಿನಲ್ಲಿ ಏನಿದೆ ಹೇಳಿ? ಮನೆಯ ಸಣ್ಣ ಮಕ್ಕಳಿಗೆ ಕಲಿಸಲು ನೋಡಿದೆ. ಟವೆಲ್ಲಿನ ಕೆಳಗೆ ಕೈ ಹಿಡಿದರೆ ‘ತಾತ ಕಚಗುಳಿ ಇಡ್ತಾನ’ ಎಂದು ಓಡಿಹೋದವು. ಮದುವೆಗಳಿಗೆ ಹೋಗುತ್ತೇನೆ, ಜಿಪುಣರು, ಸುಳ್ಳುಗಾರರು ಸಾಲಾಗಿ ಬಂದು ಎದುರಿಗೆ ಕೂರುತ್ತಾರೆ. ನನ್ನ ಕೈ ಟವೆಲ್ಲಿನ ಕೆಳಗೆ ಸುಮ್ಮನೆ ತೆರೆದುಕೊಂಡಿರುತ್ತದೆ. ಎಲ್ಲರ ಕತೆಯನ್ನೂ ಪೂರ್ತಿ ಕೇಳಿ ಎದ್ದು ಬರುತ್ತೇನೆ.

ಒಂದು ದಿನ ಯಾರಿಗೂ ಹೇಳದೆ ರಾಯಚೂರಿಗೆ ಹೋಗಿ, ಅಲ್ಲಿಂದ ಯರಗೇರಾದ ಬಸ್ಸು ಹತ್ತಿದೆ. ಕ್ಯಾಂಪಸ್ಸಿನ ಗೇಟಿನಲ್ಲಿ ಹುಡುಗಿಯರು ಗುಂಪಾಗಿ ಇಳಿದರು. ಅವರಲ್ಲಿ ಒಬ್ಬಳು ಬೀಳುತ್ತಿದ್ದ ವೇಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡು ಕೈಯಲ್ಲೂ ಪುಸ್ತಕ ಅಪ್ಪಿಕೊಂಡು ನಡೆದಳು. ವಾಚ್‌ಮನ್ ಬಂದ.

"ಯಾರಿಗಿ ಹುಡುಕಾಕತ್ತೀರಿ, ತಾತ?"

"ಎಂಬಿಎಕ್ಕ ಸೇರಾಕ ಬಂದೀನಿ" ಎಂದೆ. "ಬಾಯಿಗೂಡೇದ ನೋಡು, ಅನುಭವ ಅದ."

ಅವನು ನಕ್ಕು ನೆರಳಲ್ಲಿ ಕೂರಿಸಿ ನೀರು ಕೊಟ್ಟ. ಸಂಜೆ ಅವರೆಲ್ಲ ಅದೇ ಬಸ್ಸಿಗೆ ವಾಪಸ್ಸು ಹತ್ತಿದರು. ನಾನೂ ಹತ್ತಿದೆ. ರಾಯಚೂರಿನ ತನಕ ಅವರ ಗದ್ದಲ ಕೇಳಿಕೊಂಡು ಬಂದೆ.

ಮಗಳು ಮೊನ್ನೆ ಹಬ್ಬಕ್ಕೆ ಬಂದಾಗ ಶೇಂಗಾ ಹುರಿಯುತ್ತ, ನನ್ನ ಕಡೆ ನೋಡದೆ, ‘ಇರಲಿ ಬಿಡಪ್ಪ, ಅಕೀಗೆ ಬೇಕಾಗಿತ್ತಲ್ಲ’ ಎಂದಳು. ನಾನು ಶೇಂಗಾ ಬಾಯಿಗೆ ಹಾಕಿಕೊಂಡೆ, ಉತ್ತರ ಕೊಡುವುದು ತಪ್ಪಲೆಂದು. ಸುಟ್ಟಿತು.

ಇಷ್ಟು ಹೇಳಿದ್ದರಲ್ಲಿ ಒಂದನ್ನು ಮಾತ್ರ ನಾನು ಕಟ್ಟಿದ್ದು. ಕುಂಟೆತ್ತು ನಿಜ, ಕಾಶಿಯ ನೆಂಟ ನಿಜ, ಯರಗೇರಾದ ವಾಚ್‌ಮನ್ ಈಗಲೂ ಇದ್ದಾನೆ, ಹೋಗಿ ಕೇಳಿ. ಮಾನ್ವಿಯಲ್ಲಿ ಆ ದಿನ ಮಗಳು ಎರಡು ಹಿಡಿದಳು ಎಂದೆನಲ್ಲ, ಅದು ಸುಳ್ಳು. ಅವಳೂ ಒಂದನ್ನೇ ಹಿಡಿದಳು. ಒತ್ತಿ, ತಕ್ಷಣ ಬಿಟ್ಟಳು.