ಶನಿವಾರದ ರಾಗಿ ಮಾಲ್ಟ್

ಸೌತ್ ಸಿ ಬಡಾವಣೆಯ ನಮ್ಮ ಬಾಲ್ಕನಿಯಲ್ಲಿ ಮೊಳಕೆ ಬಂದ ರಾಗಿ ಒಣಗಲು ಹರವಿದ್ದೆ. ಆಫ್ರಿಕಾದ ಈ ಊರಿನವರು ರಾಗಿಯನ್ನು ವಿಂಬಿ ಅಂತ ಕರೆದು ಅದರಲ್ಲಿ ಗಂಜಿ ಕಾಯಿಸುತ್ತಾರೆ. ನನ್ನ ಉದ್ದೇಶ ಬೇರೆ. ಬಾರ್ಲಿಗೆ ಇದನ್ನು ಬೆರೆಸಿ, ಕಹಿ ಹಾಪ್ಸ್ ಹೂವು ಧಾರಾಳವಾಗಿ ಹಾಕಿ, ಮನೆಯಲ್ಲೇ ಪೇಲ್ ಏಲ್ ಬಿಯರ್ ಮಾಡುವುದು.

ಪಕ್ಕದ ಬಾಲ್ಕನಿಯಿಂದ ಮಂಡ್ಯದ ಶಾಂತಮ್ಮ ಇಣುಕಿದರು. "ಏನ್ರೀ, ರಾಗಿ ಮಾಲ್ಟಾ?"

ಬಿಯರ್ ಮಾಡುವವರೂ ಮೊಳಕೆ ಕಾಳಿಗೆ ಮಾಲ್ಟ್ ಅಂತಲೇ ಅನ್ನುವುದು. "ಹೂಂ, ಮಾಲ್ಟೇ" ಅಂದೆ.

"ಆದಾಗ ನಮ್ಮೋರಿಗೂ ಒಂದ್ ಲೋಟ ಕೊಡಿ."

ತಿಂಗಳಾದ ಮೇಲೆ ಅವರ ಯಜಮಾನರು ಸ್ಟೀಲ್ ಲೋಟ ಹಿಡಿದು ಬಂದೇಬಿಟ್ಟರು. ಫ್ಯಾಕ್ಟರಿ ಮ್ಯಾನೇಜರ್, ಮಾತು ಕಮ್ಮಿ. ತುಂಬಿಸಿಕೊಟ್ಟೆ. ನೊರೆ ನೋಡಿದರು, ಮೂಸಿದರು, ನನ್ನ ಮುಖ ನೋಡಿದರು.

"ಸರ್, ಇದು..."

"ಗೊತ್ತಾಯ್ತು ಬಿಡಿ" ಅಂದು ಅಲ್ಲೇ ನಿಂತು ಕುಡಿದು ಮುಗಿಸಿದರು.

ಆಮೇಲೆ ಗೋಡೆಯಾಚೆ ಅವರ ದನಿ ಕೇಳಿಸಿತು: "ಸ್ವಲ್ಪ ಕಹಿ ಕಣೇ. ಮೈಗೆ ಒಳ್ಳೇದು ಅಂದ್ಮೇಲೆ ಕುಡೀಬೇಕಲ್ಲ."

ಈಗ ಪ್ರತಿ ಶನಿವಾರ ಬರುತ್ತಾರೆ. ಹೋದ ವಾರ ಲೋಟ ಸಾಲದು ಅಂತ ಶಾಂತಮ್ಮನವರೇ ಚೊಂಬು ಕೊಟ್ಟು ಕಳಿಸಿದ್ದರು. ಜೊತೆಗೆ ನಮ್ಮಿಬ್ಬರಿಗೂ ಆಗುವಷ್ಟು ಖಾರದ ಕಡಲೆಬೀಜ. ರಾಗಿ ಮಾಲ್ಟಿಗೆ ಯಾರಾದರೂ ಕಡಲೆಬೀಜ ನೆಂಚಿಕೊಂಡಿದ್ದನ್ನು ನಾನಂತೂ ಕಂಡಿಲ್ಲ.