ಎಲೆ ಒರೆಸುವ ಬೆರಳು

ಯುಗಾದಿ ರಜೆಗೆ ಕಂಪ್ಲಿ ಹತ್ತಿರದ ಈ ನಡುಗಡ್ಡೆಗೆ ಬಂದು, ಹೊಂಗೆಯ ನೆರಳಲ್ಲಿ ಕೂತು ಬರೆಯುತ್ತಿದ್ದೇನೆ. ಸುತ್ತಲೂ ತುಂಗಭದ್ರೆ, ನಡುವೆ ಕಣ್ಣು ತುಂಬುವಷ್ಟು ಹಸಿರು. ಇಷ್ಟು ಹಸಿರು ನೋಡಲು ಗಣಿಯೂರಾದ ನಮ್ಮ ಸಂಡೂರಿನವರು ಟಿಕೀಟು ತೆಗೆಸಿಕೊಂಡು ಬರುವ ಕಾಲ ಬಂತು.

ಹರಿಗೋಲಿನಿಂದ ಇಳಿದವಳೇ ನನ್ನ ಆರು ವರ್ಷದ ಮಗಳು ಸಹನಾ, ಕೈಗೆ ಎಟಕಿದ ಹೊಂಗೆಯ ಎಲೆಯೊಂದನ್ನು ಹೆಬ್ಬೆರಳಿನಿಂದ ತಿಕ್ಕಿದಳು. ಬೆರಳು ನೋಡಿಕೊಂಡಳು. ಇನ್ನೊಂದು ಎಲೆ ತಿಕ್ಕಿದಳು. ನಮ್ಮ ಓಣಿಯ ಮಕ್ಕಳೆಲ್ಲ ಹೀಗೇ ಮಾಡುತ್ತವೆ. ಅದಿರಿನ ಲಾರಿ ಓಡಾಡುವ ರಸ್ತೆಬದಿಯಲ್ಲಿ ಕೆಂಪು ಧೂಳು ಒರೆಸಿದರೆ ಮಾತ್ರ ಎಲೆಯ ಬಣ್ಣ ಕಾಣುವುದು.

"ಅಪ್ಪಾ, ಇಷ್ಟೂ ಎಲಿ ಯಾರು ಒರಿಸ್ಯಾರ?" ಎಂದು ಕೇಳಿದಳು.

ಹರಿಗೋಲನ್ನು ದಡಕ್ಕೆ ಎಳೆಯುತ್ತಿದ್ದ ಹನುಮಂತಪ್ಪ ನಕ್ಕ. "ಯಾರೂ ಒರಿಸಿಲ್ಲವ್ವಾ. ಎಲಿ ಅಂದ್ರ ಹಿಂಗಾ ಇರತೈತಿ."

ಅವಳು ನನ್ನ ಮುಖ ನೋಡಿದಳು. ಇಷ್ಟು ದಿನ ನಾನು ಏನನ್ನೋ ಬಚ್ಚಿಟ್ಟಿದ್ದೆ ಎಂಬಂತಿತ್ತು ಆ ನೋಟ. ಸುಳ್ಳೇನಲ್ಲ. ನನ್ನ ಕೆಲಸ ಗಣಿಯ ಕಚೇರಿಯಲ್ಲಿ. ಧೂಳು ಅಳೆಯುವ ಯಂತ್ರ ಏನೇ ತೋರಿಸಲಿ, ಪ್ರತಿ ತಿಂಗಳು ಧೂಳಿನ ವರದಿಯಲ್ಲಿ 'ಮಿತಿಯೊಳಗಿದೆ' ಎಂದು ಬರೆದು ಸಹಿ ಹಾಕುವವನು ನಾನೇ.

"ನಿಮ್ಮ ಕಡೆ ಧೂಳು ಭಾಳ ಏನ್ರಿ ಸರ?" ಎಂದ ಹನುಮಂತಪ್ಪ.

"ಮಿತಿಯೊಳಗ ಐತಿ" ಎಂದೆ. ಯೋಚಿಸುವ ಮೊದಲೇ ಮಾತು ಬಾಯಿಂದ ಬಿದ್ದಿತ್ತು.

ಸಹನಾ ಹೆಬ್ಬೆರಳನ್ನು ಲಂಗಕ್ಕೆ ಒರೆಸಿಕೊಳ್ಳುತ್ತಿದ್ದಳು. ಬೆರಳಿಗೆ ಏನೂ ಹತ್ತಿರಲಿಲ್ಲ.